ಜೈಲೀನ್ ಅನ್ನಬಾರದು

ಒಂದು ವಸ್ತುವಿಗೆ ಎರಡು ಹೆಸರಿದ್ದರೆ ನನಗೆ ಊಟ ಸೇರುವುದಿಲ್ಲ. ಮನೆಯವರೆಲ್ಲ ಮೊಮ್ಮಗಳನ್ನು ಚಿನ್ನಿ, ಪುಟ್ಟಿ ಎಂದರೂ ನಾನು ಶಾಲೆಯ ಹಾಜರಿಯಲ್ಲಿರುವ ಹೆಸರನ್ನೇ ಪೂರ್ತಿಯಾಗಿ ಕೂಗುತ್ತೇನೆ. ಅವಳು ಓಗೊಡುವುದಿಲ್ಲ, ಅದು ಬೇರೆ ಮಾತು.

ತೊಂಬತ್ತರ ದಶಕದಲ್ಲಿ ಹಡಗಲಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವಾಗ ಈ ಗುಣಕ್ಕೆ ಅಧಿಕಾರವೂ ಸಿಕ್ಕಿತ್ತು. ಮಲ್ಲಿಗೆ ಮುಡಿದು ಬಂದ ಹುಡುಗಿಯರಿಗೆ ಮೊದಲೇ ಹೇಳಿಬಿಡುತ್ತಿದ್ದೆ: ಇಲ್ಲಿ ಆರೊಮ್ಯಾಟಿಕ್ ಎಂದರೆ ಪರಿಮಳವಲ್ಲ, ಶಿಸ್ತು. ಬೆಂಜೀನಿನದು ಆರು ಮೂಲೆಯ ಉಂಗುರ. ಅದಕ್ಕೆ ಅಂಟಿಕೊಂಡ ಗುಂಪುಗಳಿಗೆ ಆದಷ್ಟು ಚಿಕ್ಕ ಅಂಕಿ ಬರುವಂತೆ ಎಣಿಸಿ ಹೆಸರಿಡಬೇಕು. ಟಾಲೂಯಿನ್, ಜೈಲೀನ್ ಮುಂತಾದ ಬಳಕೆಯ ಹೆಸರುಗಳು ನನ್ನೆದುರು ನಿಷಿದ್ಧ; ಜೈಲೀನಿಗೆ ಡೈಮೀಥೈಲ್‌ಬೆಂಜೀನ್ ಎಂದೇ ಅನ್ನಬೇಕು. ಪ್ರಯೋಗಾಲಯದ ಬಾಟಲಿಗಳ ಚೀಟಿಗಳನ್ನೂ ಕಿತ್ತು ಹೊಸದಾಗಿ ಅಂಟಿಸಿದ್ದೆ.

ಒಂದು ವರ್ಷ ಪ್ರಾಯೋಗಿಕ ಪರೀಕ್ಷೆಗೆ ಹರಪನಹಳ್ಳಿ ಕಡೆಯ ಪರೀಕ್ಷಕರು ಬಂದರು. ಹಿರೇಹಡಗಲಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಲಿಗೆಮ್ಮನ ಪ್ರಯೋಗ ಪೂರಾ ಕೆಟ್ಟಿತ್ತು. ಬಾಯಿ ಪ್ರಶ್ನೆಗಳಲ್ಲೂ ಸೋತರೆ ವರ್ಷವೇ ಹೋದಂತೆ. ನಾನು ಪಕ್ಕದಲ್ಲೇ ಕೂತಿದ್ದರೂ ತುಟಿ ಬಿಚ್ಚುವಂತಿಲ್ಲ.

ಅವರು ಒಂದು ಉಂಗುರ ಬರೆದು ಎರಡು ಕವಲು ಎಳೆದು, "ಇದೇನವ್ವ?" ಎಂದರು.

"ಒಂದು, ಮೂರು ಡೈಮೀಥೈಲ್‌ಬೆಂಜೀನ್ ರೀ."

ನನ್ನ ಎದೆ ಉಬ್ಬಿತು.

"ಅದು ಬುಕ್ಕಿನ ಹೆಸರಾತು. ಅಂಗಡ್ಯಾಗ ಏನಂತ ಕೇಳ್ತೀ? ಬಳಕೆ ಹೆಸರು ಹೇಳು."

ಹುಲಿಗೆಮ್ಮ ನನ್ನತ್ತ ನೋಡಿದಳು. ತಲೆ ಆಡಿಸಿದರೆ ಉತ್ತರ ಹೇಳಿಕೊಟ್ಟಂತಾಗುತ್ತದೆ. ಹೆದರಿ ಬಿಗಿದ ಮುಖದಿಂದ ಮೇಲಿನ ಫ್ಯಾನು ದಿಟ್ಟಿಸಿದೆ. ಅದನ್ನವಳು ಸಿಟ್ಟೆಂದು ತಿಳಿದಳು.

"ಗೊತ್ತಿಲ್ಲೇನು?"

"ಗೊತ್ತೈತ್ರಿ."

"ಮತ್ತ ಹೇಳು."

"ಇಲ್ಲಿ ಅನ್ನಂಗಿಲ್ರಿ."

ಪರೀಕ್ಷಕರ ಪೆನ್ನು ಅಂಕದ ಹಾಳೆಯ ಮೇಲೆ ನಿಂತಿತು. ಸೊನ್ನೆ ಬರೆಯುತ್ತಾರೋ ಏನೋ! ಅವರು ಅವಳನ್ನು ನೋಡಿದರು, ಬಾಟಲಿಗಳ ಚೀಟಿಗಳನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು.

"ಸರ್, ನೀವೊಂದೀಟು ಚಾ ಕುಡಿದು ಬರ್ರಿ."

ಚಹಾ ಯಾರಿಗೆ ಬೇಕಿತ್ತು? ಹೊರಗೆ ಬಂದು ಕಿಟಕಿಯ ಮಗ್ಗುಲಲ್ಲಿ ನಿಂತೆ. ಒಳಗಿನಿಂದ ಅವಳ ದನಿಯಲ್ಲಿ ಜೈಲೀನ್, ಟಾಲೂಯಿನ್, ಕ್ರೆಸಾಲ್, ಅನಿಲೀನ್, ಬಳಕೆಯ ಹೆಸರುಗಳೆಲ್ಲ ಹರಿದ ಚೀಲದ ಜೋಳದಂತೆ ಸುರಿದವು. ಒಂದೂ ತಪ್ಪಿಲ್ಲ. ಇಷ್ಟನ್ನೆಲ್ಲ ಇವಳಿಗೆ ಕಲಿಸಿದವರು ಯಾರೋ! ನಾನಂತೂ ಅಲ್ಲ.

ಹುಲಿಗೆಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಏನಂದರು?"

"ಚಲೋ ಹೇಳಿದಿ, ಹೆದರಬ್ಯಾಡ ಹೋಗು ಅಂದ್ರು ರೀ." ಬಗ್ಗಿ ನನ್ನ ಕಾಲು ಮುಟ್ಟಿದಳು. "ನೀವು ಹೊರಗ ಹೋಗಿದ್ದು ಭಾಳ ಉಪಕಾರ ಆತ್ರಿ ಸರ್."

ಇಷ್ಟು ವರ್ಷ ಒಳಗಿದ್ದು ಪಾಠ ಹೇಳಿದ್ದಕ್ಕೆ ಯಾರೂ ಅಷ್ಟು ಮನಸಾರೆ ಕಾಲಿಗೆರಗಿರಲಿಲ್ಲ.