ರುಕ್ಕುವಿನ ಬಾಯಿಗೆ ಅರಗಿನ ಮೊಹರು

ಮಾಯಮ್ಮನಷ್ಟು ಬಾಯಿಹರುಕಿ ಚನ್ನಪಟ್ಟಣ ತಾಲ್ಲೂಕಿನಲ್ಲಿ ಇನ್ನೊಬ್ಬಳಿಲ್ಲ. ಇದು ಸಿಟ್ಟಿನಲ್ಲಿ ಆಡಿದ ಮಾತಲ್ಲ, ಪರೀಕ್ಷಿಸಿ ಬರೆದ ತೀರ್ಪು. ಅಕ್ಕೂರಿನಿಂದ ಬಂದು, ನಲವತ್ತು ವರ್ಷದಿಂದ ಮನೆಮನೆಯ ಎಳೆಮಕ್ಕಳಿಗೆ ಎಣ್ಣೆನೀರು ಎರೆಯುವವಳು. ಒಂದು ಮನೆಯ ಬಚ್ಚಲಲ್ಲಿ ಕೇಳಿದ್ದನ್ನು ಮುಂದಿನ ಮನೆಯ ಬಚ್ಚಲಲ್ಲಿ ಸುರಿಯದಿದ್ದರೆ ಅವಳಿಗೆ ಕೈಯೇ ಓಡದು. ನಾನು ಯಾರಿಗೂ ಹೇಳದೆ ಬೆಂಗಳೂರಿಗೆ ಹೋಗಿ ಹಲ್ಲು ಕಟ್ಟಿಸಿಕೊಂಡು ಬಂದೆ. ಮೂರನೆಯ ದಿನ ಅಂಚೆ ಮಾಸ್ತರರು, "ಮೇಲಿನ ಸಾಲು ಮಾತ್ರವೋ, ಕೆಳಗಿನದೂ ಉಂಟೋ?" ಎಂದು ವಿಚಾರಿಸಿದರು!

ಇಂಥವಳ ಕಣ್ಣೆದುರಿಗೇ ನಾನು ನನ್ನ ಮೊಮ್ಮಗಳಿಗೆ ಮೊದಲ ತುತ್ತು ತಿನ್ನಿಸಲು ಹೊರಟೆ.

ನಾನು ಸಾಮಾನ್ಯಳಲ್ಲ. ಸಂಸ್ಥಾನದಲ್ಲಿ ಬಿ.ಎ. ಆದ ಹೆಂಗಸರನ್ನೆಲ್ಲ ಒಂದೇ ಜಟಕಾದಲ್ಲಿ ಕೂರಿಸಬಹುದಾಗಿದ್ದ ಕಾಲದಲ್ಲಿ ಬಿ.ಎ. ಪಾಸು ಮಾಡಿದವಳು. ಇಪ್ಪತ್ತೆಂಟು ವರ್ಷ ಹೆಣ್ಣುಮಕ್ಕಳ ಶಾಲೆಯ ಹೆಡ್‌ಮಿಸ್ಟ್ರೆಸ್. ಇನ್‌ಸ್ಪೆಕ್ಟರು ಬಂದರೆ ಅವರೇ ಎದ್ದು ನಿಲ್ಲುತ್ತಿದ್ದರು! ಬಾಣಂತನಕ್ಕೆ ಬಂದ ಮಗಳು ನಾಗಲಕ್ಷ್ಮಿ ಇನ್ನೂ ನಮ್ಮಲ್ಲೇ ಇದ್ದಳು. ಅವಳ ಮಗಳು ರುಕ್ಕುವಿಗೆ ಏಳನೆಯ ತಿಂಗಳು. "ಈ ಮಗುವಿನ ಮೊದಲ ಆಹಾರ ಶಾಸ್ತ್ರೀಯವಾಗಿ ಆಗುತ್ತದೆ" ಎಂದು ಘೋಷಿಸಿದೆ. ಪಂಚಾಂಗದ ಶಾಸ್ತ್ರವಲ್ಲ, ಲಂಡನ್ನಿನ ಒಬ್ಬ ವೈದ್ಯೆ ಬರೆದ ಮುನ್ನೂರು ಪುಟದ ಪುಸ್ತಕದ ಶಾಸ್ತ್ರ.

"ಸೋಮವಾರ ಬೆಳಗ್ಗೆ ಎಂಟು ಗಂಟೆಗೆ" ಎಂದೆ.

"ಸೋಮವಾರ ಎಂಟು ಗಂಟೆ ರಾಹುಕಾಲ ಕಣೇ" ಎಂದರು ಯಜಮಾನರು. ಶಿರಸ್ತೇದಾರರಾಗಿ ನಿವೃತ್ತರಾದ ರಾಮಲಿಂಗಯ್ಯನವರಿಗೆ ಈಗ ಇರುವ ಕೆಲಸ ನನ್ನ ಮಾತಿಗೆ ಆಕ್ಷೇಪಣೆ ಬರೆಯುವುದೊಂದೇ.

"ರಾಹುವಿಗೂ ಜೀರ್ಣಕ್ರಿಯೆಗೂ ಏನು ಸಂಬಂಧ?"

"ನುಂಗುವುದರಲ್ಲಿ ಅವನಷ್ಟು ಅನುಭವ ಇನ್ಯಾರಿಗಿದೆ?"

ನನಗೆ ಅವಸರವಿತ್ತು. ಅದೇ ಸೋಮವಾರ ಮಧ್ಯಾಹ್ನ ಮೂರಕ್ಕೆ ಮಹಿಳಾ ಸಮಾಜದಲ್ಲಿ ನನ್ನ ಉಪನ್ಯಾಸ: 'ಶಿಶುವಿನ ಮೊದಲ ಆಹಾರ.' ಅಧ್ಯಕ್ಷತೆ ಅಮಲ್ದಾರರ ಹೆಂಡತಿಯದು. ಸಾಕ್ಷಿಯಾಗಿ ರುಕ್ಕುವೇ ಹಾಜರಾಗುತ್ತಾಳೆಂದು ಕರೆಯೋಲೆಯಲ್ಲಿ ಅಚ್ಚು ಹಾಕಿಸಿದ್ದೆ. ಹಿಂದಿನ ಮಳೆಗಾಲದಲ್ಲಿ ನಮ್ಮ ಕೋಟೆ ಬೀದಿಯೊಂದರಲ್ಲೇ ಮೂರು ಕೂಸುಗಳು ಹೊಟ್ಟೆ ಕೆಟ್ಟು ತೀರಿಕೊಂಡಿದ್ದವು. ಮೂರಕ್ಕೂ ನೀರೆರೆದವಳು ಮಾಯಮ್ಮ. ವಾರಕ್ಕೊಂದು ದಿನ ತಾಯಂದಿರು ಮಕ್ಕಳನ್ನು ಸಮಾಜಕ್ಕೆ ತಂದು ತೂಕ ಹಾಕಿಸಬೇಕು, ಏನು ಕೊಡಬೇಕು, ಹೇಗೆ ಕೊಡಬೇಕು ಎಂದು ಕೇಳಿಕೊಂಡು ಹೋಗಬೇಕು, ಇದು ನನ್ನ ಯೋಜನೆ. ಮದರಾಸಿನಿಂದ ತಕ್ಕಡಿಯೂ ಬಂದು ಕೂತಿತ್ತು. ನನ್ನನ್ನು ನಂಬಿದರೆ ಬರುತ್ತಾರೆ. ನನ್ನನ್ನು ನೋಡಿ ನಕ್ಕರೆ ಒಬ್ಬಳೂ ಬರುವುದಿಲ್ಲ.

ಆಹಾರದ ವಿಷಯದಲ್ಲಿ ಜಗಳವಿರಲಿಲ್ಲ. ಪುಸ್ತಕದಲ್ಲಿ ಮೊಳಕೆ ಬರಿಸಿದ ಧಾನ್ಯದ ಹಿಟ್ಟು ಶ್ರೇಷ್ಠವೆಂದು ಬರೆದಿತ್ತು. ಅದನ್ನು ಮಾಯಮ್ಮನಿಗೆ ಓದಿ ಹೇಳಿದೆ.

"ರಾಗಿ ಸರಿ ಅನ್ನಿ" ಎಂದಳು. "ನೆನೆಸಿ, ಮೊಳಕೆ ಕಟ್ಟಿ, ನೆಳ್ಳಲ್ಲಿ ಒಣಗ್ಸಿ, ಬೀಸಿ, ತೆಳ್ಳನೆ ಬಟ್ಟೇಲಿ ಸೋಸೋದು. ಇದುಕ್ಕೆ ಅಷ್ಟು ದಪ್ಪದ್ ಪುಸ್ತಕ ಬೇಕಾ ಅಮ್ಮಾವ್ರೆ?"

ಜಗಳ ಬಂದದ್ದು ಆ ಸರಿ ಗಂಜಿಯನ್ನು ಬಾಯಿಗೆ ಮುಟ್ಟಿಸುವ ಬಗೆಯಲ್ಲಿ. ಮಾಯಮ್ಮನ ಪ್ರಕಾರ ಬೆರಳೇ ಸಾಕು. ಬೆರಳೆಂದರೆ ಕ್ರಿಮಿಗಳ ಛತ್ರ! ಬೆಳ್ಳಿ ಚಮಚ ವಸಡಿಗೆ ಒತ್ತುತ್ತದೆ. ಆಗ ನನಗೆ ಹೊಳೆಯಿತು: ಬೊಂಬೆ ಮಾಡುವ ಊರಲ್ಲಿ ಕೂತು ಚಮಚಕ್ಕೆ ಯೋಚಿಸುವುದೇ? ಪೇಟೆಯ ಖಲಂದರ್ ಸಾಹೇಬರ ಅಂಗಡಿಗೆ ಹೋದೆ. ಹಾಲೆ ಮರದಲ್ಲಿ ಕಡೆದು, ಮೇಲೆ ಕೆಂಪು ಅರಗು ಹಚ್ಚಿ, ಕನ್ನಡಿಯಂತೆ ಮಿರುಗುವ ಸಣ್ಣ ಚಮಚ ಬೇಕೆಂದೆ.

ಖಲಂದರ್ ಕೆಲಸ ನಿಲ್ಲಿಸಿದರು. "ಅರಗು ಬೊಂಬೇಗೆ ಅಮ್ಮಾ. ಬಿಸೀಗೆ ಆಗಲ್ಲ, ಇಳಿದ್ಬಿಡ್ತದೆ. ಬಿಳೀ ಮರದಲ್ಲೇ ನುಣ್ಣಗೆ ಮಾಡ್ಕೊಡ್ತೀನಿ, ಆಗಲ್ವಾ?"

"ಬಿಳಿ ಮರದ ಸಂದಿನಲ್ಲಿ ಕ್ರಿಮಿ ಕೂರುತ್ತದೆ. ಕೂಸಿನ ಬಾಯಿಗೆ ಬಿಸಿ ಇಡುವಷ್ಟು ದಡ್ಡಿಯೇ ನಾನು? ಉಗುರು ಬೆಚ್ಚಗಿರುವ ಸರಿ ಸಾಹೇಬರೇ, ಉಗುರು ಬೆಚ್ಚಗೆ!"

"ನಿಮ್ದು ದೊಡ್ಡ ಓದು ಅಮ್ಮಾ" ಎಂದು ಅವರು ತಲೆ ತಗ್ಗಿಸಿ ಮರ ತಿರುಗಿಸತೊಡಗಿದರು. ಅದು ಹೊಗಳಿಕೆಯೆಂದು ನಾನು ಮನೆಯವರೆಗೂ ನಂಬಿಕೊಂಡು ಬಂದೆ.

ಸೋಮವಾರ ಏಳೂವರೆಗೆ ಯುದ್ಧ ಸನ್ನಾಹ. ರುಕ್ಕುವಿಗೆ ಎದೆವಸ್ತ್ರ ಕಟ್ಟಿ ನಾಗಲಕ್ಷ್ಮಿ ತೊಡೆಯ ಮೇಲೆ ಕೂರಿಸಿಕೊಂಡಳು. ಮಾಯಮ್ಮ ಕಂಬಕ್ಕೊರಗಿದಳು. ಯಜಮಾನರು ರಾಹುವಿನ ಪರವಾಗಿ ಪಂಚಾಂಗ ಹಿಡಿದು ಕೂತರು. ನಾನು ಪುಸ್ತಕದ ನಲವತ್ತೆರಡನೆಯ ಪುಟ ತೆರೆದೆ. ಅಲ್ಲಿ ದಪ್ಪಕ್ಷರದಲ್ಲಿತ್ತು: ಶಿಶುವಿನ ಚಮಚವನ್ನು ಬಳಸುವ ಮೊದಲು ಹತ್ತು ನಿಮಿಷ ಕುದಿಯುವ ನೀರಿನಲ್ಲಿ ಇಡತಕ್ಕದ್ದು.

ಇಡತಕ್ಕದ್ದು ಎಂದರೆ ಇಡತಕ್ಕದ್ದು. ಇಟ್ಟೆ! ಖಲಂದರ್‌ಗೆ ಉಗುರು ಬೆಚ್ಚಗಿನ ಸರಿಯ ಮೇಲೆ ಭಾಷಣ ಮಾಡಿದವಳು, ಅದೇ ಚಮಚವನ್ನು ಗಡಿಯಾರ ನೋಡಿಕೊಂಡು, ಒಂದು ನಿಮಿಷವೂ ಕಡಿಮೆಯಾಗದಂತೆ ಕೊತಕೊತ ಕುದಿಸಿದೆ. ತಾಮ್ರದ ಚೊಂಬಿನಲ್ಲಿ ನೀರು ಕೆಂಪಾಗಿ ಕಂಡದ್ದು ತಾಮ್ರದ ಬಣ್ಣವೆಂದುಕೊಂಡೆ. ಬಟ್ಟೆಯಲ್ಲಿ ಹಿಡಿದೆತ್ತಿದಾಗ ಚಮಚ ಮೊದಲಿಗಿಂತ ಹೆಚ್ಚು ಹೊಳೆಯುತ್ತಿತ್ತು. ಶುದ್ಧಿಯ ಕಾಂತಿ ಎಂದುಕೊಂಡೆ!

ಮೊದಲ ಚಮಚಕ್ಕೆ ರುಕ್ಕು ಮುಖ ಹಿಂಡಿದಳು. ಎರಡನೆಯದಕ್ಕೆ ಯೋಚಿಸಿದಳು. ಮೂರನೆಯದಕ್ಕೆ ತಾನಾಗಿ ಬಾಯಿ ತೆರೆದಳು. ನನ್ನ ಎದೆ ಒಂದು ಗೇಣು ಉಬ್ಬಿತು. "ನೋಡಿ, ನೋಡಿ! ಅಜ್ಜಿಯ ಬುದ್ಧಿ!" ನಾಲ್ಕು, ಐದು, ಆರು. ಏಳನೆಯದನ್ನು ಅವಳು ಕಚ್ಚಿ ಹಿಡಿದಳು. ಎಳೆದೆ. ಬರಲಿಲ್ಲ. ಇನ್ನೂ ಎಳೆದೆ. ಲೊಚಕ್ ಎಂದು ಬಂತು.

ನಾಗಲಕ್ಷ್ಮಿ ಕಿರುಚಿದಳು. "ಅಮ್ಮಾ, ರಕ್ತ!"

ಮಗುವಿನ ತುಟಿ, ಗಲ್ಲ, ಎದೆವಸ್ತ್ರ ಎಲ್ಲ ಕೆಂಪು. ನನ್ನ ಕೈಯಿಂದ ಚಮಚ ಬೀಳಬೇಕಾಗಿತ್ತು, ಬೀಳಲಿಲ್ಲ. ಹಿಡಿ ಬೆರಳಿಗೆ ಅಂಟಿಕೊಂಡಿತ್ತು. ಕೈ ಒದರಿದೆ. ಸರಿಯ ಬಟ್ಟಲು ಯಜಮಾನರ ತೊಡೆಯ ಮೇಲೆ, ರಾಹುಕಾಲದ ಪುಟದ ಮೇಲೆಯೇ ಮಗುಚಿತು. ಅವರು ಡಾಕ್ಟರನ್ನು ಕರೆಯಲು ಎದ್ದು, ಸರಿಯ ಮೇಲೆ ಕಾಲಿಟ್ಟು, ಬಾಗಿಲವರೆಗೂ ನಡೆಯದೆಯೇ ತಲುಪಿದರು. ಗೋಡೆಯಾಚೆಯಿಂದ ಪಕ್ಕದ ಮನೆಯವರು, "ಏನಾಯ್ತು ಅಂಬುಜಮ್ಮನೋರೆ?" ಎಂದು ಕೂಗಿದರು. "ಹಲ್ಲಿ, ಹಲ್ಲಿ!" ಎಂದೆ. ಮಹಾಯುದ್ಧದ ಸುದ್ದಿ ಬಂದಾಗಲೂ ನಾನು ಅಷ್ಟು ಜೋರಾಗಿ ಕೂಗಿರಲಿಲ್ಲ.

ಮನೆಯಲ್ಲಿ ಅಳದೆ ಇದ್ದವರು ಇಬ್ಬರೇ. ಒಬ್ಬಳು ರುಕ್ಕು. ಅವಳು ತುಟಿ ಚಪ್ಪರಿಸಿ ಎಂಟನೆಯ ಚಮಚಕ್ಕೆ ಬಾಯಿ ತೆರೆದುಕೊಂಡಿದ್ದಳು. ಇನ್ನೊಬ್ಬಳು ಮಾಯಮ್ಮ. ಸೀದಾ ಬಂದು ಮಗುವಿನ ಬಾಯೊಳಗೆ ಬೆರಳಾಡಿಸಿದಳು. "ಗಾಯ ಇಲ್ಲ, ಏನೂ ಇಲ್ಲ. ಒಸಿ ತಡ್ಕಳಿ ಎಲ್ಲಾರೂವೆ."

ಬಾಗಿಲ ಬಳಿ ಸೊಂಟ ಹಿಡಿದು ಕೂತಿದ್ದ ಯಜಮಾನರು ತೆವಳಿಕೊಂಡು ಬಂದರು. ಗಲ್ಲದ ಕೆಂಪನ್ನು ಉಗುರಿನಿಂದ ಮುಟ್ಟಿದರು, ಮೂಸಿದರು. ಅವರ ಮುಖ ನಿಧಾನವಾಗಿ ಅರಳಿತು.

"ಅರಗು! ಮೂವತ್ತು ವರ್ಷ ಸರ್ಕಾರಿ ಲಕೋಟೆಗಳಿಗೆ ಅರಗಿನ ಮೊಹರು ಹಾಕಿದ್ದೇನೆ ಕಣೇ. ಜೀವಂತ ಮಗುವಿನ ಬಾಯಿಗೆ ಮೊಹರು ಒತ್ತಿದ್ದು ಮಾತ್ರ ನೀನೊಬ್ಬಳೇ. ವಿಳಾಸ ಬರೆದುಕೊಡು, ಟಪಾಲಿಗೆ ಹಾಕಿ ಬರುತ್ತೇನೆ."

ಅವರನ್ನೇ ಕಳಿಸಿದೆ, ಟಪಾಲಿಗಲ್ಲ, ಖಲಂದರ್ ಹತ್ತಿರ. ಅರ್ಧ ಗಂಟೆಯಲ್ಲಿ ಉತ್ತರ ತಂದರು: ಮಕ್ಕಳು ಚೀಪುವ ಗಿಲಕಿಗೂ ಇದೇ ಬಣ್ಣ, ಭಯವಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕುತ್ತಿರಿ, ಎರಡು ಮೂರು ದಿನದಲ್ಲಿ ಬಿಟ್ಟುಕೊಳ್ಳುತ್ತದೆ.

ಎರಡು ಮೂರು ದಿನ! ನನಗೆ ಇದ್ದದ್ದು ಆರು ಗಂಟೆ. ಅಷ್ಟರಲ್ಲಿ ಮಾಯಮ್ಮ ಹೊಸದಾಗಿ ಸರಿ ಕಾಸಿ, ಕೈ ತೊಳೆದು, ಬೆರಳಲ್ಲಿ ಇಡೀ ಬಟ್ಟಲು ತಿನ್ನಿಸಿದ್ದಳು. ಮೊಮ್ಮಗಳು ತಳ ಕಾಣುವವರೆಗೂ ತಿಂದಳು. ಆ ಹಸಿವು ನಮ್ಮ ಕಡೆಯದೇ.

"ಮಾಯಮ್ಮ" ಎಂದೆ, ಶಾಲೆಯ ದನಿಯಲ್ಲಿ. "ಈ ಚಮಚದ ಮಾತು ಈ ಮನೆಯಿಂದ ಹೊರಗೆ ಹೋಗಬಾರದು."

"ನಾನ್ಯಾಕೆ ಯೋಳ್ಲಿ ಅಮ್ಮಾವ್ರೆ? ಯಾರಾನಾ ಕೇಳುದ್ರೆ ಯೋಳ್ತೀನಿ, ಅಷ್ಟೆಯ."

ಹೇಳಿ, ಇನ್ನೂ ಮೂರು ಮನೆಯ ಮಕ್ಕಳಿಗೆ ನೀರೆರೆಯಲು ಹೊರಟುಹೋದಳು. ಮೂರು ಬಚ್ಚಲು! "ಮಧ್ಯಾಹ್ನದ ರೈಲಿಗೆ ಮದ್ದೂರಿಗೂ ಸುದ್ದಿ ಮುಟ್ಟಿರುತ್ತೆ" ಎಂದು ಯಜಮಾನರು ಸೊಂಟಕ್ಕೆ ಎಣ್ಣೆ ಹಚ್ಚಿಕೊಳ್ಳುತ್ತ ಸಮಾಧಾನ ಹೇಳಿದರು.

ಮೂರು ಗಂಟೆ. ಸಮಾಜದ ಜಮಖಾನೆಯ ಮೇಲೆ ನಲವತ್ತು ಹೆಂಗಸರು, ಅವರ ಮಡಿಲಲ್ಲಿ ಹದಿನೇಳು ಕೂಸು. ಮುಂದಿನ ಸಾಲಿನಲ್ಲಿ ಮೂರು ಮನೆ ಮುಗಿಸಿ ಬಂದ ಮಾಯಮ್ಮ, ಅವಳ ತೊಡೆಯ ಮೇಲೆ, ಕರೆಯೋಲೆಯಲ್ಲಿ ಅಚ್ಚಾದ ತಪ್ಪಿಗೆ, ರುಕ್ಕು. ಎಣ್ಣೆ ತಿಕ್ಕಿ ತಿಕ್ಕಿ ಕೆಂಪು ಹೋಗುವ ಬದಲು ಮೆರುಗು ಬಂದಿತ್ತು! ನಾನು ಉಪನ್ಯಾಸ ಆರಂಭಿಸಿದೆ. ಹಾಲು, ಮೊಳಕೆ, ಮಿತಿ, ವೇಳೆ, ಶುಚಿತ್ವ, ವಾರವಾರದ ತೂಕ. ಚೆನ್ನಾಗಿಯೇ ಬರುತ್ತಿತ್ತು. ಹೆಂಗಸರು ತಲೆದೂಗುತ್ತಿದ್ದರು. ನಾಲ್ಕನೆಯ ಹಾಳೆಗೆ ಬಂದಾಗ ಅಮಲ್ದಾರರ ಹೆಂಡತಿ ಕನ್ನಡಕ ಸರಿಮಾಡಿಕೊಂಡರು.

"ಅಂಬುಜಮ್ಮನವರೇ, ಮಧ್ಯದಲ್ಲಿ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಮಗುವಿನ ಬಾಯೆಲ್ಲ ಹಾಗೇಕೆ ಕೆಂಪಾಗಿದೆ?"

ನಲವತ್ತು ತಲೆ ರುಕ್ಕುವಿನ ಕಡೆ ತಿರುಗಿದವು. ಹದಿನೇಳು ತಾಯಂದಿರ ಕೈ ಹದಿನೇಳು ಕೂಸುಗಳನ್ನು ಬಿಗಿಯಾಗಿ ಅವುಚಿಕೊಂಡವು. ನಾನು ಬಾಯಿ ತೆರೆದೆ. ಬಿ.ಎ. ಬರಲಿಲ್ಲ, ಇಂಗ್ಲಿಷ್ ಬರಲಿಲ್ಲ, ಕನ್ನಡವೂ ಬರಲಿಲ್ಲ. ಅಷ್ಟರಲ್ಲಿ ಮಾಯಮ್ಮ ಗಂಟಲು ಸರಿಮಾಡಿಕೊಂಡಳು. ಮುಗಿಯಿತು ಎಂದುಕೊಂಡೆ. ತಕ್ಕಡಿಯನ್ನು ಮದರಾಸಿಗೆ ವಾಪಸು ಕಳಿಸುವ ಬಗೆಯನ್ನೂ ಯೋಚಿಸಿದೆ.

"ನನ್ ತಪ್ಪೇ ಕಣ್ರವ್ವ" ಎಂದಳು. "ಬಾಯ್ತುಂಬ ಎಲಡ್ಕೆ ಹಾಕ್ಕಂಡಿದ್ದೆ. ಕೂಸು ನಗ್ತು, ತಡೀನಾರ್ದೆ ಮುತ್ತಿಕ್ಬುಟ್ಟೆ. ಬೆಳಿಗ್ಗಿಂದ ಅಮ್ಮಾವ್ರು ನನ್ನ ಉಗೀತಾನೇ ಅವ್ರೆ."

ಸಭೆ ಗೊಳ್ಳೆಂದು ನಕ್ಕಿತು. ಆಮೇಲೆ ಬೈಗುಳ ಶುರುವಾಯಿತು. "ಇಷ್ಟು ವರ್ಷ ಆಯ್ತು, ನಿಂಗೆ ಬುದ್ಧಿ ಬೇಡ್ವೇನೇ?" ಎಂದಳು ಒಬ್ಬಳು. "ನಮ್ಮನೆ ಮಗೂಗೂ ಹಿಂಗೇ ಮಾಡ್ತೀಯೇನೋ!" ಎಂದಳು ಅವಳಿಂದಲೇ ನೀರೆರೆಸುವ ಇನ್ನೊಬ್ಬಳು. ಮಾಯಮ್ಮ ಎಲೆಯಡಿಕೆ ಹಾಕುವವಳೇ, ನಿಜ. ಆದರೆ ಬಾಯಿ ತೊಳೆಯದೆ ಈ ನಲವತ್ತು ವರ್ಷದಲ್ಲಿ ಅವಳು ಒಂದು ಕೂಸನ್ನೂ ಮುಟ್ಟಿದವಳಲ್ಲ. ಅದು ಅವಳ ಹೆಮ್ಮೆ. ಅವಳ ಅನ್ನವೂ ಅದೇ. ಅಮಲ್ದಾರರ ಹೆಂಡತಿ, "ಪಾಪ, ಅಂಬುಜಮ್ಮನವರು ಇಂಥವರನ್ನೆಲ್ಲ ತಿದ್ದಬೇಕಲ್ಲ! ಈ ವಾರದಿಂದಲೇ ನಮ್ಮ ಮಗುವನ್ನೂ ತೂಕಕ್ಕೆ ಕಳಿಸುತ್ತೇನೆ" ಎಂದರು. "ನಾವೂ, ನಾವೂ" ಎಂದವು ದನಿಗಳು.

ನಾನು ಕೈಯಲ್ಲಿದ್ದ ಹಾಳೆ ತಿರುವಿದೆ. ಐದನೆಯ ಹಾಳೆ. ನನ್ನದೇ ಅಕ್ಷರ, ಅಡಿಯಲ್ಲಿ ಎರಡು ಗೆರೆ ಎಳೆದ ತಲೆಬರಹ: 'ಓದುಬರಹವಿಲ್ಲದ ಮುದಿ ಹೆಂಗಸರಿಂದ ಶಿಶುಗಳಿಗೆ ಒದಗುವ ಅಪಾಯಗಳು.'

ಮಾಯಮ್ಮ ರುಕ್ಕುವನ್ನು ಇನ್ನೊಂದು ತೊಡೆಗೆ ಸರಿಸಿ, ಸೆರಗಿನಿಂದ ಅವಳ ಗಲ್ಲ ಒರೆಸಿ, ನನ್ನ ಕಡೆ ನೋಡಿದಳು.

"ಯಾಕ್ ನಿಲ್ಲುಸ್ಬುಟ್ರಿ ಅಮ್ಮಾವ್ರೆ? ಓದಿ, ಓದಿ. ಒಸಿ ಗಟ್ಟಿಯಾಗೇ ಓದಿ. ನಂಗೂ ಬುದ್ಧಿ ಬರ್ಲಿ."