ವಿಟ್ಲೋ ಸಾಹೇಬರ ಕೊಳೆ ಬಟ್ಟೆಯ ಮೂಟೆ

ವಾಷಿಂಗ್ಟನ್ನಿನ ಕಾಂಗ್ರೆಸ್ ಸಭೆಯನ್ನು ಬೆಳಗುತ್ತಿರುವ ಶ್ರೀಮಾನ್ ಲೈಸ್ಯಾಂಡರ್ ವಿಟ್ಲೋ ಅವರಿಗೆ, ಎಲ್ಡರ್‌ಫೋರ್ಡ್ ಊರಿನ ಮಾಜಿ ಅಂಚೆಯಮ್ಮ, ವಿಧವೆ ಫಿಲೀನಾ ಟಟಲ್ ತಲೆಬಾಗಿ ಮಾಡುವ ವಂದನೆಗಳು.

ಮಾನ್ಯರೇ,

ಬ್ಯಾಂಕಿನ ಕಬ್ಬಿಣದ ಜಾಲರಿಯ ಹಿಂದೆ ಕೂತು, ಸಾಲ ಕೇಳಲು ಬಂದವರ ಮುಖ ನೋಡದೆ ಗಡಿಯಾರವನ್ನೇ ನೋಡುತ್ತಿದ್ದ ತಾವು, ಚುನಾವಣೆಗೆ ನಿಂತ ದಿನದಿಂದ ನಮ್ಮೂರ ಹಸುಳೆಗಳಿಗೆಲ್ಲ ಮುತ್ತು ಕೊಟ್ಟು, ಹಂದಿ ಸಾಕುವವರ ಕೈಯನ್ನೂ ಕುಲುಕಿದ್ದನ್ನು ಕಂಡು ನಾವು ಧನ್ಯರಾದೆವು. ಆದರೆ ಬ್ಯಾಂಕಿನವರ ಮಿತವ್ಯಯವನ್ನು ತಾವು ಮರೆತಿಲ್ಲ. ಸದಸ್ಯರ ಸಹಿಯಿದ್ದ ಕಾಗದಪತ್ರಕ್ಕೆ ಅಂಚೆವೆಚ್ಚವಿಲ್ಲ ಎಂಬ ಕಾನೂನನ್ನು ಓದಿ, ಅಂಗಿಯೂ ಒಂದು ಪತ್ರವೇ ಎಂದು ಕಂಡುಕೊಂಡ ಮೊದಲ ಮಹನೀಯರು ತಾವೇ ಇರಬೇಕು. ವಾಷಿಂಗ್ಟನ್ನಿನ ಅಗಸರು ದುಬಾರಿಯೆಂದು ವಾರವಾರವೂ ತಮ್ಮ ಕೊಳೆ ಬಟ್ಟೆ ಸಹಿಯ ಬಲದಿಂದ ಇಲ್ಲಿಗೆ ಬರುತ್ತಿತ್ತು. ಹೊಳೆದಂಡೆಯ ಡೀಲಿಯಾ ಒಗೆದು ಗಂಜಿ ಹಾಕಿದ ಮೇಲೆ ಅದೇ ಸಹಿಯ ಬಲದಿಂದ ಹಿಂದಿರುಗುತ್ತಿತ್ತು.

ನಾನು ಮಹಾಪರಾಧ ಮಾಡಿದೆ. "ಕಾಲುಚೀಲಕ್ಕಾದರೂ ಅಂಚೆವೆಚ್ಚ ಕೊಡಿ" ಎಂದು ಕೇಳಿದೆ. ಮರುವಾರವೇ ನನ್ನ ಹುದ್ದೆ ತಮ್ಮ ಸೋದರಳಿಯ ಆಲ್ಫಿಯಸ್‌ಗೆ ಹೋಯಿತು. ಹುಡುಗನಿಗೆ ಅಕ್ಷರದ ಗೊಡವೆಯಿಲ್ಲ, ಮೂಟೆ ಮಾತ್ರ ಚೆನ್ನಾಗಿ ಎತ್ತುತ್ತಾನೆ. "ಅಮ್ಮಾ, ಇದು ಯಾರಿಗೆ ಅಂತ ಸ್ವಲ್ಪ ಓದಿ ಹೇಳಿ ಹೋಗಿ" ಎಂದು ಮೊದಲ ದಿನ ಗೋಗರೆದ. "ನಿನ್ನ ಮಾವನನ್ನೇ ಕೇಳಪ್ಪ" ಎಂದೆ. ಹೊಟ್ಟೆ ಉರಿದಿತ್ತು, ಸುಳ್ಳೇಕೆ ಹೇಳಲಿ.

ಅಂಚೆಯ ಹಿಂದಿನ ಕೋಣೆಯೇ ನನ್ನ ಮನೆ. ಗಂಡ ಸತ್ತದ್ದು ಅಲ್ಲೇ. ಬುಧವಾರದೊಳಗೆ ಅದನ್ನು ಬಿಡಬೇಕೆಂದು ಆಜ್ಞೆ ಬಂದಿದೆ. ದಯವಿಟ್ಟು ನನ್ನ ಹಣೆಯ ಮೇಲೂ ಒಂದು ಸಹಿ ಹಾಕಿಕೊಡಿ. ಅಂಚೆವೆಚ್ಚವಿಲ್ಲದೆ ಯಾವುದಾದರೂ ಊರು ಸೇರಿಕೊಳ್ಳುತ್ತೇನೆ. ಅದು ಕಷ್ಟವಾದರೆ ನನ್ನ ಹುದ್ದೆಯನ್ನು ನನಗೇ ಕೊಡಿ. ಹೆಂಗಸಾದ ನನಗೆ ಮತವಿಲ್ಲ, ಆದ್ದರಿಂದ ಈ ಬೇಡಿಕೆಗೆ ತೂಕವಿಲ್ಲವೆಂದು ನನಗೂ ಗೊತ್ತು.

ನಾಳೆ ಮತದಾನ. ಮತಚೀಟಿಯನ್ನು ಪಕ್ಷದವರೇ ಅಚ್ಚು ಹಾಕಿಸಿ ಹಂಚುವುದು ನಮ್ಮ ಪದ್ಧತಿ. ಆ ಚೀಟಿ ಕೈಯಲ್ಲಿಲ್ಲದವನು ಪೆಟ್ಟಿಗೆಗೆ ಹಾಕುವುದಾದರೂ ಏನನ್ನು? ಊರಿನ ಮುದ್ರಕರಿಗೆ ಕೂಲಿ ಕೊಡುವುದೇಕೆಂದು ತಾವು ವಾಷಿಂಗ್ಟನ್ನಿನಲ್ಲೇ ಅಚ್ಚು ಹಾಕಿಸಿ, ಸಹಿ ಹಾಕಿ, ಮೂಟೆ ಕಟ್ಟಿ ಕಳಿಸಿದ್ದೀರಂತೆ. ಆ ಸಿಟ್ಟಿಗೆ ಮುದ್ರಕರು ಈ ಪತ್ರವನ್ನು ಪುಕ್ಕಟೆ ಅಚ್ಚು ಹಾಕಿ ಗೋಡೆಗೋಡೆಗೆ ಅಂಟಿಸಲು ಒಪ್ಪಿದ್ದಾರೆ.

ತಮ್ಮ ವಿಶ್ವಾಸಿ, ಬುಧವಾರದವರೆಗೆ ಮಾತ್ರ ವಿಳಾಸವುಳ್ಳ,
ಫಿಲೀನಾ ಟಟಲ್

ಕೊನೆಯಲ್ಲೊಂದು ಮಾತು: ಅಚ್ಚಿಗೆ ಕೊಡುವಷ್ಟರಲ್ಲಿ ಡೀಲಿಯಾ ಏದುಸಿರು ಬಿಡುತ್ತ ಬಂದಳು. "ಅಯ್ಯೋ ಅಕ್ಕಾ, ಆಲ್ಫಿಯಸ್ ತಂದಿಟ್ಟ ಮೂಟೆನ ಎಂದಿನ ಹಾಗೆ ಬಿಚ್ಚದೇನೆ ಕುದಿಯೋ ಸೋಪಿನ ನೀರಿಗೆ ಹಾಕ್ಬಿಟ್ಟೆ. ಒಳಗೆ ಬಟ್ಟೆನೇ ಇಲ್ಲ, ಬರೀ ಕಾಗ್ದದ ಗಂಜಿ!" ಪಕ್ಷದ ಕಚೇರಿಗೆ ಹೋದ ಇನ್ನೊಂದು ಮೂಟೆಯನ್ನು ನಾಳೆ ಬೆಳಿಗ್ಗೆ ಎಲ್ಲರೆದುರು ಬಿಚ್ಚುತ್ತಾರಂತೆ. ಎರಡರ ಮೇಲೂ ತಮ್ಮ ಸಹಿಯಷ್ಟೇ ಇತ್ತಂತೆ. ಎತ್ತಿದ ಕೂಡಲೇ ಯಾವುದು ಯಾವುದೆಂದು ನಾನು ಹೇಳುತ್ತಿದ್ದೆ. ಆದರೆ ಅದು ಈಗ ನನ್ನ ಕೆಲಸವಲ್ಲವಲ್ಲ.