ಗಿಟಾರಿನ ಕೊರಳಿಗೆ ಕರಿ ಉಣ್ಣೆ

ನಮ್ಮ ಶೈಲಾಳನ್ನು ಹುಬ್ಬಳ್ಳಿಯ ಆರ್ಕೆಸ್ಟ್ರಾದವರು ಆರಿಸಿಕೊಂಡರು! ಮೊದಲು ಇದನ್ನು ಹೇಳಿಬಿಡುತ್ತೇನೆ, ಹಿಂದಿನದು ಮುಂದಿನದು ಆಮೇಲೆ. ಸಂತೋಷದ ಸುದ್ದಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಪೀಠಿಕೆ ಹಾಕುವ ತಾಳ್ಮೆ ನನಗೆ ಈ ವಯಸ್ಸಿನಲ್ಲೂ ಬಂದಿಲ್ಲ. ಶೈಲಾ ನನ್ನ ಮಗನ ಮಗಳು, ಕಾಲೇಜಿನ ಕೊನೆಯ ವರ್ಷದಲ್ಲಿದ್ದಾಳೆ. ಇನ್ನು ಮೇಲೆ ಮದುವೆ ಮನೆಗಳಲ್ಲಿ, ಗಣಪತಿ ಪೆಂಡಾಲುಗಳಲ್ಲಿ ಅವಳು ಗಿಟಾರು ಹಿಡಿದು ನಿಲ್ಲುತ್ತಾಳೆ, ಆದರೆ ಜನರಿಗೆ ಕೇಳಿಸುವುದು ಶಹನಾಯಿ. ಅದು ಹೇಗೆ ಎಂದು ನೀವು ಕೇಳುತ್ತೀರಿ. ನಾನೂ ಅದನ್ನೇ ಕೇಳುತ್ತಿದ್ದೇನೆ. ಈ ಗೆಲುವಿನಲ್ಲಿ ನನ್ನ ಕೈಯೂ ಇದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಆ ಕೈ ನಿಜಕ್ಕೂ ಏನು ಮಾಡಿತು ಎಂಬುದು ಮಾತ್ರ ಕೈಗೂ ಗೊತ್ತಿಲ್ಲ, ಕೈಯ ಒಡತಿಗೂ ಗೊತ್ತಿಲ್ಲ.

ನಾನು ಕಲಿತದ್ದು ನಾಲ್ಕನೆಯ ಇಯತ್ತೆಯವರೆಗೆ. ಅಕ್ಷರ ಕೂಡಿಸಿ ಓದುತ್ತೇನೆ, ಬರೆಯುತ್ತೇನೆ, ಅಷ್ಟೇ. ಯಂತ್ರಗಳ ವಿಷಯದಲ್ಲಿ ನನಗೆ ಭಯಕ್ಕಿಂತ ಮರ್ಯಾದೆ ಹೆಚ್ಚು. ಬೀಗರು ಫೋನು ಮಾಡಿದರೆ ಈಗಲೂ ತಲೆಯ ಮೇಲೆ ಸೆರಗು ಹೊದ್ದುಕೊಂಡೇ ರಿಸೀವರು ಎತ್ತುತ್ತೇನೆ. "ಆಯಿ, ಅವರಿಗೆ ನೀ ಕಾಣಂಗಿಲ್ಲ" ಎಂದು ಶೈಲಾ ನಗುತ್ತಾಳೆ. ಕಾಣುವುದಿಲ್ಲ ಎಂದು ನನಗೂ ಗೊತ್ತು. ಆದರೆ ಕಾಣದ ಮನುಷ್ಯನ ಮಾತು ಸತ್ತೂರಿನಿಂದ ಸಪ್ತಾಪುರದ ನಮ್ಮ ಪಡಸಾಲೆಗೆ ಬರುತ್ತದೆ ಎಂದಮೇಲೆ, ಅದರ ಹಿಂದೆ ಕಣ್ಣೂ ಬರುವುದಿಲ್ಲ ಎಂಬುದಕ್ಕೆ ಯಾರು ಹೊಣೆ?

ಶೈಲಾಳಿಗೆ ಗಿಟಾರಿನ ಹುಚ್ಚು ಹಿಡಿದು ಬಹಳ ದಿನವಾಯಿತು. ನನ್ನ ಮಗ ಮಲ್ಲೇಶಿ ಹುಬ್ಬಳ್ಳಿಯ ಒಂದು ಹತ್ತಿ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಇಡೀ ದಿನ ಗದ್ದಲದಲ್ಲಿ ಕೂತು ಬರುವವನಿಗೆ ಮನೆಯಲ್ಲಿ ತಂತಿಯ ಸದ್ದು ಬೇಡವಾಗಿತ್ತು. ಅಷ್ಟರಲ್ಲಿ ಆರ್ಕೆಸ್ಟ್ರಾ ನಡೆಸುವ ದೇಸಾಯಿ ಮಾಸ್ತರರು ಇವಳ ಬೆರಳು ನೋಡಿ ಮೆಚ್ಚಿ, ತಮ್ಮ ಹತ್ತಿರ ಸುಮ್ಮನೆ ಬಿದ್ದಿದ್ದ ಒಂದು ಪಟ್ಟಿ, ಒಂದು ಡಬ್ಬಿ, ಒಂದು ಕೀಬೋರ್ಡು ಕೊಟ್ಟು ಕಳಿಸಿದರು. ಇವನ್ನು ಜೋಡಿಸಿ ಗಿಟಾರಿನಿಂದ ಶಹನಾಯಿ, ಕೊಳಲು ನುಡಿಸುವುದನ್ನು ಕಲಿ, ರವಿವಾರ ಮನೆಗೇ ಬಂದು ಕೇಳುತ್ತೇನೆ, ಸ್ವಚ್ಛವಾಗಿ ನುಡಿಸಿದರೆ ನಮ್ಮ ಪಾರ್ಟಿಯಲ್ಲಿ ಜಾಗ, ಇಲ್ಲವಾದರೆ ಸಾಮಾನು ಬೇರೆಯವರಿಗೆ ಎಂದರಂತೆ. ಮಲ್ಲೇಶಿ ಅದಕ್ಕೆ ತನ್ನದೊಂದು ಕೂಡಿಸಿದ. "ಆರಿಸಿದ್ರ ನಾ ಬ್ಯಾಡ ಅನ್ನಂಗಿಲ್ಲ. ಆರಿಸಲಿಲ್ಲಂದ್ರ ಗಿಟಾರ ಅಟ್ಟದ ಮ್ಯಾಲೆ. ಮತ್ತ ಆ ಮಾತ ತಗೀಬಾರದು." ಹುಡುಗಿ ತಲೆಯಾಡಿಸಿದಳು.

ಸಾಮಾನು ಬಂದ ದಿನ ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಒಮ್ಮೆಲೇ ಶಹನಾಯಿ ಕೇಳಿಸಿತು. ನಮ್ಮ ಓಣಿಯಲ್ಲಿ ಯಾರ ಮದುವೆ, ನಮ್ಮನ್ನು ಕರೆಯಲೇ ಇಲ್ಲವಲ್ಲ ಎಂದು ಸಿಟ್ಟಿನಿಂದಲೇ ಹಿಟ್ಟಿನ ಕೈಯಲ್ಲಿ ಬಾಗಿಲಿಗೆ ಓಡಿದೆ. ಓಣಿಯಲ್ಲಿ ಒಂದು ಸ್ಕೂಟರು, ಒಂದು ನಾಯಿ. ಶಹನಾಯಿ ನನ್ನ ಬೆನ್ನ ಹಿಂದೆ, ಮನೆಯೊಳಗೇ ಇತ್ತು. ಒಳಗೆ ಬಂದು ನೋಡಿದರೆ ಶೈಲಾ ಕುರ್ಚಿಯ ಮೇಲೆ ಗಿಟಾರು ಹಿಡಿದಿದ್ದಾಳೆ. ಕೀಬೋರ್ಡು ಆ ಕಡೆ ಮಂಚದ ಮೇಲೆ ಇದೆ. ಅದನ್ನು ಯಾರೂ ಮುಟ್ಟಿಲ್ಲ, ಆದರೂ ಅದೇ ಊದುತ್ತಿದೆ!

"ಯಾರವಾ ಅದನ್ನ ಬಾರಸಾಕತ್ತಾರ?" ಎಂದೆ.

"ನಾನ ಆಯಿ. ಇಲ್ಲಿ ಕುಂತ ಬಾರಸಾಕತ್ತೇನಿ."

ನನ್ನನ್ನು ಕೂರಿಸಿ ತೋರಿಸಿದಳು. ಗಿಟಾರಿನ ತಂತಿಗಳ ಕೆಳಗೆ ಬೆರಳಗಲದ ಒಂದು ಪಟ್ಟಿ. ಅದರಲ್ಲಿ ಆರು ತಂತಿಗೆ ಆರು ಕಿವಿ. ಒಂದು ತಂತಿಯ ಮಾತು ಇನ್ನೊಂದರ ಕಿವಿಗೆ ಬೀಳಬಾರದಂತೆ. ಅಲ್ಲಿಂದ ದಪ್ಪ ವೈರು ನೆಲದ ಮೇಲಿನ ಡಬ್ಬಿಗೆ, ಡಬ್ಬಿಯಿಂದ ಸಣ್ಣ ವೈರು ಕೀಬೋರ್ಡಿಗೆ. "ವಾಯರಿನಾಗ ಶಹನಾಯಿ ಹೋಗಂಗಿಲ್ಲ ಆಯಿ. ಬರೇ ಹುಕುಂ ಹೋಗತೈತಿ. ಈ ಸ್ವರ ಶುರು ಮಾಡು, ಇಷ್ಟು ಜೋರ ಮಾಡು, ಈಗ ನಿಂದ್ರಿಸು ಅಂತ. ತಂತಿ ಎಳದ್ರ ಸ್ವರ ಜಗ್ಗು ಅಂತ ಹೇಳತೈತಿ. ಈ ಗುಂಡಿ ಒತ್ತಿದ್ರ ಶಹನಾಯಿ ಬಿಡು, ಕೊಳಲು ಹಿಡಿ ಅಂತೈತಿ."

"ಯಾವ ಭಾಷಾದಾಗ ಹೇಳತೈತಿ?"

"ಅಂಕಿ ಭಾಷಾದಾಗ."

"ಕನ್ನಡ ಅಂಕಿಯೋ, ಇಂಗ್ಲಿಷ್ ಅಂಕಿಯೋ?"

ಶೈಲಾ ಕಣ್ಣು ಮುಚ್ಚಿ ಒಂದು ದೊಡ್ಡ ಉಸಿರು ಬಿಟ್ಟಳು. ನಾನು ಕೇಳಿದ್ದರಲ್ಲಿ ತಪ್ಪೇನಿತ್ತೋ ಗೊತ್ತಾಗಲಿಲ್ಲ.

ಆದರೆ ಕಣಕ ನಾದುತ್ತಾ ಯೋಚಿಸಿದಾಗ ನನಗೆ ನಮ್ಮ ಅತ್ತೆಯವರ ನೆನಪು ಬಂತು. ಶಿರಗುಪ್ಪಿಯ ಗಂಡನ ಮನೆಯಲ್ಲಿ ಅವರು ಸೊಸೆಯರ ಹತ್ತಿರ ಬಾಯಿಬಿಟ್ಟು ಏನೂ ಕೇಳುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತು ಕೆಮ್ಮುತ್ತಿದ್ದರು. ಸಣ್ಣಗೆ ಒಂದು ಕೆಮ್ಮಿದರೆ ನಾನು ಒಳಗೆ ಚಹಾಕ್ಕೆ ಇಡಬೇಕು. ಜೋರಾಗಿ ಕೆಮ್ಮಿದರೆ ಎಲೆ ಅಡಿಕೆ. ಎಳೆದು ಕೆಮ್ಮಿದರೆ ಯಾರೋ ಬೇಡದವರು ಬಂದಿದ್ದಾರೆ, ಹೊರಗೆ ಬರಬೇಡ ಎಂದು. ಕೆಮ್ಮಿನಲ್ಲಿ ಚಹಾ ಇರುತ್ತಿರಲಿಲ್ಲ, ಆದರೂ ಕೆಮ್ಮಿದ ಕಡೆಗೆ ಚಹಾ ಬರುತ್ತಿತ್ತು. ಒಮ್ಮೆ ಪಕ್ಕದ ಮನೆಯಲ್ಲಿ ಮೆಣಸಿನಕಾಯಿ ಹುರಿದು ಘಾಟು ಎದ್ದು ಅವರಿಗೆ ಖರೇ ಕೆಮ್ಮು ಹತ್ತಿತು. ನಾನು ಚಹಾದ ಮೇಲೆ ಚಹಾ, ಎಲೆಯ ಮೇಲೆ ಎಲೆ ತಂದಿಟ್ಟೆ. ಕಣ್ಣಲ್ಲಿ ನೀರು ಸುರಿಸುತ್ತಾ ಅವರು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ಇದನ್ನು ಶೈಲಾಳಿಗೆ ಹೇಳಿದೆ. ಅವಳು ಗಿಟಾರು ಕೆಳಗಿಟ್ಟು ನನ್ನ ಕೆನ್ನೆ ಹಿಂಡಿ, "ಆಯಿ, ನನ್ನ ತ್ರಾಸೂ ಅದ ನೋಡು! ಡಬ್ಬಿಗೆ ಖರೇ ಕೆಮ್ಮು ಯಾವುದು, ಹುಕುಮಿನ ಕೆಮ್ಮು ಯಾವುದು ತಿಳಿಯವಲ್ದು" ಎಂದಳು.

ತ್ರಾಸು ದೊಡ್ಡದೇ ಇತ್ತು. ಒಂದು ತಂತಿ ಮೀಟಿದರೆ ಪಕ್ಕದ ತಂತಿ ತಾನೂ ಸಣ್ಣಗೆ ನಡುಗುತ್ತದೆ. ಬೆರಳು ಎತ್ತಿದರೂ ಬಿಟ್ಟ ತಂತಿ ಗುಂಯ್ ಎನ್ನುತ್ತದೆ. ನಮ್ಮ ಕಿವಿಗೆ ಅದು ಕೇಳುವುದೂ ಇಲ್ಲ. ಪಟ್ಟಿಯ ಕಿವಿ ಬಹಳ ಚುರುಕು. ಅದು ಡಬ್ಬಿಗೆ ಹೇಳುತ್ತದೆ, ಡಬ್ಬಿ ಕೀಬೋರ್ಡಿಗೆ ಹುಕುಂ ಕಳಿಸುತ್ತದೆ, ಚೆಂದದ ಶಹನಾಯಿಯ ನಡುವೆ ಎಲ್ಲಿಯದೋ ಒಂದು ಪೀಂ ಎದ್ದು ಬರುತ್ತದೆ. ವಾರವಿಡೀ ಹುಡುಗಿ ಡಬ್ಬಿಯ ಗುಂಡಿ ತಿರುವಿದಳು, ಕೈ ಬೇರೆ ರೀತಿ ಇಟ್ಟಳು. ಶನಿವಾರ ಸಂಜೆಗೆ ಊಟವನ್ನೂ ಬಿಟ್ಟಳು. ಸೊಸೆ ಕಸ್ತೂರಿ ಅಟ್ಟದ ಮೇಲಿನ ಹಳೆಯ ಡಬ್ಬಗಳನ್ನು ಸದ್ದಿಲ್ಲದೆ ಒಂದು ಬದಿಗೆ ಸರಿಸುವುದನ್ನು ನಾನು ನೋಡಿದೆ.

ಇಷ್ಟು ಚೆಂದದ ಹುಡುಗಿ, ಇಷ್ಟು ಚೆಂದದ ವಾದ್ಯ, ಓಣಿಯವರೆಲ್ಲ ಕಿಟಕಿಯಲ್ಲಿ ನಿಂತು ಕೇಳುವುದು. ಇದು ದೃಷ್ಟಿಯಲ್ಲದೆ ಮತ್ತೇನು? ರವಿವಾರ ಬೆಳಗ್ಗೆ ಶೈಲಾ ಸ್ನಾನಕ್ಕೆ ಹೋದಾಗ, ಹಳೆಯ ಕರಿ ಕಂಬಳಿಯಿಂದ ಉದ್ದನೆಯ ಉಣ್ಣೆ ದಾರ ಎಳೆದೆ. ಕೂಸಿಗಾದರೆ ಕೊರಳಿಗೆ ಕಟ್ಟುತ್ತೇವೆ. ಗಿಟಾರಿಗೂ ದೇವರು ಕೊರಳು ಕೊಟ್ಟಿದ್ದಾನೆ. ತಲೆಯ ಕೆಳಗೆ, ತಂತಿಯ ಕಿವಿ ಹಿಂಡುವ ಗೂಟಗಳ ಪಕ್ಕದಲ್ಲೇ, ತಂತಿಗಳ ಮೇಲಿಂದಲೇ ಬಿಗಿಯಾಗಿ ಸುತ್ತಿ, ಚೀಲದ ಬಾಯಿಗೆ ಹಾಕುವ ಗಂಟು ಹಾಕಿದೆ. ಆ ಗಂಟು ಎತ್ತು ಜಗ್ಗಿದರೂ ಬಿಚ್ಚುವುದಿಲ್ಲ.

ಶೈಲಾ ಅದನ್ನು ನೋಡುವುದಕ್ಕೂ ದೇಸಾಯಿ ಮಾಸ್ತರರು ಬಾಗಿಲಲ್ಲಿ ಚಪ್ಪಲಿ ಬಿಡುವುದಕ್ಕೂ ಸರಿಹೋಯಿತು.

"ಆಯೀ! ಏನ ಮಾಡಿಟ್ಟಿ ಇದು?" ಪಿಸುಗುಟ್ಟಿದರೂ ಅದು ಕಿರುಚಿದ ಹಾಗೇ ಇತ್ತು. ಉಗುರು ಹಾಕಿದಳು, ಹಲ್ಲು ಹಾಕಿದಳು. ಮಲ್ಲೇಶಿ ಕತ್ತರಿ ಹುಡುಕಲು ಹೋಗಿ ಅಡಿಕೆ ಒಡೆಯುವ ಅಡಕೊತ್ತು ತಂದ. ಮಾಸ್ತರರು ಗಡಿಯಾರ ನೋಡಿ, "ನಮಗ ಮುಂದ ಇನ್ನೊಂದ ಕಡೆ ಹೋಗೋದೈತವಾ. ಹೆಂಗೈತಿ ಹಂಗ ಬಾರಸು" ಎಂದರು. ಶೈಲಾಳ ಮುಖ ಬಿಳಿಚಿಕೊಂಡಿತು. ನಾನು ಮೆಲ್ಲಗೆ ಅಡಿಗೆಮನೆಗೆ ಸರಿದು ಬಾಗಿಲ ಹಿಂದೆ ನಿಂತೆ. ನಾಲ್ಕನೆಯ ಇಯತ್ತೆಯಲ್ಲಿ ಮಾಸ್ತರು ಬಂದಾಗಲೂ ನಾನು ಹೀಗೆಯೇ ನಿಲ್ಲುತ್ತಿದ್ದೆ.

ಶಹನಾಯಿ ಎದ್ದಿತು. ಪೀಂ ಇಲ್ಲ. ಜಗ್ಗಿತು, ಇಳಿಯಿತು, ನಿಂತಿತು. ನಡುವೆ ಎಲ್ಲೂ ಯಾರೂ ಬಾಯಿ ಹಾಕಲಿಲ್ಲ. ಗುಂಡಿ ಒತ್ತಿದಳು, ಕೊಳಲಾಯಿತು. ಅದೂ ತೊಳೆದ ಹಾಗೆ ಸ್ವಚ್ಛ. ಮುಗಿದ ಮೇಲೆ ಮಾಸ್ತರರು ಗಿಟಾರು ಕೈಗೆ ತೆಗೆದುಕೊಂಡು ಉಣ್ಣೆಯನ್ನು ಬೆರಳಿನಿಂದ ಮುಟ್ಟಿ, "ಇದನ್ನ ಯಾರು ಕಟ್ಟಿದ್ರಿ?" ಎಂದರು.

"ನಮ್ಮ ಅವ್ವರೀ. ಆಕಿಗೆ ತಿಳಿಯಂಗಿಲ್ರಿ, ಮಾಫ್ ಮಾಡ್ರಿ" ಎಂದ ಮಲ್ಲೇಶಿ.

"ಮಾಫ್ ಯಾಕರೀ! ಬಿಟ್ಟ ತಂತಿ ಎಲ್ಲಾ ಸುಮ್ಮ ಕುಂತಾವು. ಬೆರಳ ಇಟ್ಟದ್ದಷ್ಟ ಮಾತಾಡಾಕತ್ತೈತಿ. ಅವ್ವಾರ, ಹೊರಗ ಬರ್ರಿ. ಇದನ್ನ ಎಲ್ಲಿ ಕಲ್ತ್ರಿ?"

ನಾನು ಸೆರಗು ಸರಿಮಾಡಿಕೊಂಡು ಹೊರಗೆ ಬಂದೆ. "ದೃಷ್ಟಿಗೆ ಕಟ್ಟೇನ್ರಿ. ಕರೀದ ಕಟ್ಟಬೇಕ್ರಿ, ಬ್ಯಾರೆ ಬಣ್ಣ ನಡಿಯಂಗಿಲ್ಲ" ಎಂದೆ. ಮಾಸ್ತರರು ಎಷ್ಟು ನಕ್ಕರೆಂದರೆ ಕಸ್ತೂರಿ ನೀರು ತಂದುಕೊಟ್ಟಳು. ಹೋಗುವಾಗ ಶೈಲಾಳಿಗೆ, "ಬರೋ ರವಿವಾರ ರಿಹರ್ಸಲ್ ಐತಿ. ಆ ದಾರ ಬಿಚ್ಚಬ್ಯಾಡ ಮತ್ತ" ಎಂದು ಹೇಳಿ ಹೋದರು.

ಸಂಜೆ ಮಲ್ಲೇಶಿ ತಾನೇ ಪೇಡೆ ತಂದ. ಅಟ್ಟದ ಮಾತು ಯಾರೂ ಎತ್ತಲಿಲ್ಲ. ದಿನಾ ಅವನೊಬ್ಬನೇ ಮೊದಲು ಉಂಡು ಮಲಗುವವನು, ಅಂದು ಕಸ್ತೂರಿಗೂ ನನಗೂ ತಾಟು ಹಾಕಲು ಹೇಳಿ ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸಿದ. ಮಗಳ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು, "ಮೊದಲನೇ ಪ್ರೋಗ್ರಾಮ್ ಯಾವೂರಾಗ? ರಜಾ ಹಾಕಿ ಬರ್ತೇನಿ" ಎಂದ. ಶೈಲಾ ಅಪ್ಪನ ತಾಟಿಗೆ ಇನ್ನೊಂದು ಬದನೆ ಎಣಗಾಯಿ ಬಡಿಸಿದಳು. ನಾನು ನನ್ನ ಸಂಶಯ ಕೇಳಿಯೇಬಿಟ್ಟೆ. "ಹಂಗಾರ ದೃಷ್ಟಿ ಹೋತೋ, ತಂತಿ ಸುಮ್ಮಾದ್ವೋ?"

"ಎರಡೂ ಅನ್ನು ಆಯಿ. ನೀ ಉಣ್ಣು" ಎಂದಳು ಶೈಲಾ.

"ಅವ್ವಾ, ನಮ್ಮ ಮಿಕ್ಸರೂ ಭಾಳ ಗಡಗಡ ಅಂತೈತಿ. ಅದಕ್ಕೂ ಒಂದ ಕಟ್ಟಿಬಿಡು" ಎಂದ ಮಲ್ಲೇಶಿ.

ನಾನು ತುತ್ತು ಕೈಯಲ್ಲಿ ಹಿಡಿದು, ಮಿಕ್ಸರಿಗೆ ಕೊರಳು ಎಲ್ಲಿದೆ ಎಂದು ಖರೇನೇ ಯೋಚಿಸುತ್ತಿದ್ದೆ. ತಲೆ ಎತ್ತಿದರೆ ಮೂವರೂ ನನ್ನ ಮುಖ ನೋಡಿ ಬಿದ್ದು ಬಿದ್ದು ನಗುತ್ತಿದ್ದರು. ಯಾಕೆಂದು ಪೂರ್ತಿ ತಿಳಿಯಲಿಲ್ಲ. ಆದರೆ ಅಷ್ಟು ಜನ ಒಟ್ಟಿಗೆ ಕೂತು ನಗುವಾಗ ತಿಳಿದ ಮೇಲೇ ನಗುತ್ತೇನೆ ಎಂದು ಹಠ ಹಿಡಿದರೆ ರೊಟ್ಟಿ ಆರುತ್ತದೆ. ನಾನೂ ನಕ್ಕೆ, ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.